ವಾರಿಜಕ್ಕನ ಬಸಳೆ ಚಪ್ಪರ

ಮಬೇಲಾದಿಂದ ಅಲ್ ಹೈಲ್‌ವರೆಗೆ ಮಸ್ಕತ್ತಿನಲ್ಲಿ ಹರಡಿಕೊಂಡಿರುವ ಕರಾವಳಿಯವರ ಮನೆಗಳಲ್ಲಿ ವಾರಿಜಾಕ್ಷಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಬಸಳೆ ವಾರಿಜಕ್ಕ ಎಂದರೆ ಮಾತ್ರ ಮುಖ ಅರಳುತ್ತಿತ್ತು. ಊರಿನಿಂದ ಬಸಳೆಯ ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೀರೆಗಳ ಮಡಿಕೆಯೊಳಗೆ ಅಡಗಿಸಿ ವಿಮಾನದಲ್ಲಿ ತಂದವರು ಬೇಕಾದಷ್ಟು ಮಂದಿ ಇದ್ದರು. ಅವರ ಬಳ್ಳಿಗಳೆಲ್ಲ ಒಮಾನಿನ ಬಿಸಿಲಿಗೆ ಸ್ವಲ್ಪ ದಿನ ಮುಖ ತೋರಿಸಿ ಕಣ್ಣು ಮುಚ್ಚಿದವು. ವಾರಿಜಾಕ್ಷಿಯದ್ದು ಮಾತ್ರ ಚಪ್ಪರವೇರಿ, ಚಪ್ಪರ ಸಾಲದೆ ಕಾಂಪೌಂಡು ಗೋಡೆಯ ಮೇಲೂ ಮಲಗಿತ್ತು. ಎಲೆ ಅಂಗೈಯಗಲ, ದಂಟು ಹೆಬ್ಬೆರಳಿನಷ್ಟು ದಪ್ಪ.

ಗುಟ್ಟೇನು ಎಂದು ಕೇಳಿದವರಿಗೆ ಅವಳು ಮೊದಮೊದಲು ಅಕ್ಕಿ ತೊಳೆದ ನೀರು ಹಾಕುತ್ತೇನೆ ಎನ್ನುತ್ತಿದ್ದಳು. ಅಕ್ಕಿ ತೊಳೆದ ನೀರನ್ನು ಎಲ್ಲರೂ ಹಾಕಿ ನೋಡಿ, ಎಲ್ಲರ ಬಳ್ಳಿಯೂ ಸತ್ತ ಮೇಲೆ, ಅವಳು ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡು, "ಎಂತ ಹೇಳುದು ಮಾರಾಯ್ತಿ, ಎಲ್ಲ ಕೈಗುಣ," ಎನ್ನತೊಡಗಿದಳು. ವಿನಯದಿಂದಲೇ ಹೇಳುತ್ತಿದ್ದಳು. ಆದರೆ ಆ ವಿನಯವನ್ನು ಹೊತ್ತುಕೊಂಡು ಓಡಾಡಲು ಅವಳ ಕತ್ತು ಸ್ವಲ್ಪ ಹೆಚ್ಚೇ ನೇರವಾಗಿ ನಿಲ್ಲಬೇಕಾಗುತ್ತಿತ್ತು.

ಊರವರ ಸಂಘವಾದ ಕಡಲತೀರ ಬಳಗದ ಯಾವ ಕಾರ್ಯಕ್ರಮವೂ ಅವಳ ಬಸಳೆಯಿಲ್ಲದೆ ನಡೆಯುತ್ತಿರಲಿಲ್ಲ. ಬಸಳೆ ಸಿಗಡಿ, ಅಕ್ಕಿ ಉಂಡೆ ಹಾಕಿದ ಬಸಳೆ ಪುಂಡಿ, ಸಸ್ಯಾಹಾರಿಗಳಿಗೆ ಬಸಳೆ ಮತ್ತು ಹಲಸಿನ ಬೀಜ. ಬಾಣಂತಿಯರಿಗೆ ಹೋಗುತ್ತಿತ್ತು, ಊರಿನಿಂದ ಬಂದ ಅತ್ತೆಯರಿಗೆ ಹೋಗುತ್ತಿತ್ತು, ಮವಾಲೇಹ್‌ನಲ್ಲಿ ತರಕಾರಿ ಅಂಗಡಿಯಿಟ್ಟಿದ್ದ ಸಿರಾಜುದ್ದೀನ್ ಕೂಡ ತನ್ನ ಅಂಗಡಿಯ ಸೊಪ್ಪು ಬಿಟ್ಟು ಹೆಂಡತಿ ಅಮೀನತ್‌ಳಿಗೆ ಎಂದು ಇಲ್ಲಿಂದ ಒಂದು ಕಟ್ಟು ಒಯ್ಯುತ್ತಿದ್ದ. ಮನೆಯ ಮಾಲೀಕ, ಒಮಾನಿ ಹಿರಿಯ, ಬಾಡಿಗೆ ವಸೂಲಿಗೆ ಬಂದಾಗಲೆಲ್ಲ ತನ್ನ ಮುದಿತಾಯಿಗೆಂದು ಒಂದು ಚೀಲ ಕೊಂಡೊಯ್ಯುತ್ತಿದ್ದರು. ಬೇಳೆ ಹಾಕಿ ಬೇಯಿಸಿ ತಿಂದರೆ ತಾಯಿಯ ಮಂಡಿನೋವು ಇಳಿಯುತ್ತದಂತೆ. ಈ ಸುದ್ದಿಯನ್ನು ವಾರಿಜಾಕ್ಷಿ ಊರಿಗೆ ಫೋನು ಮಾಡಿ ಹೇಳಿದ್ದಳು.

ಎಲ್ಲರಿಗಿಂತ ಹೆಚ್ಚು ತಿನ್ನುತ್ತಿದ್ದವಳು ಪಕ್ಕದ ಮನೆಯ ಮೋಹಿನಿ. ಅವಳ ಗಂಡ ಸುಕೇಶ್ ಬಳಗದ ಅಧ್ಯಕ್ಷ, ದೊಡ್ಡ ಕಂಪೆನಿಯ ಮ್ಯಾನೇಜರ್. ಅವರದು ಎರಡು ಮಹಡಿಯ ವಿಲ್ಲಾ. ವಾರಿಜಾಕ್ಷಿಯದ್ದು ಅದರ ಪಕ್ಕದ ಒಂದಂತಸ್ತಿನ ಹಳೆಯ ಮನೆ. ನಡುವೆ ಒಂದು ಕಾಂಪೌಂಡು ಗೋಡೆ, ಗೋಡೆಯ ಈಚೆ ಒಂದು ಪಟ್ಟಿ ಮಣ್ಣು, ಆ ಮಣ್ಣಿನಲ್ಲಿ ಬಸಳೆ. ಸುಕೇಶನಿಗಿಂತ ವಾರಿಜಾಕ್ಷಿಯ ಗಂಡ ಸಂಕಪ್ಪ ವಯಸ್ಸಿನಲ್ಲಿ ಹಿರಿಯ. ಆದರೂ ಅಧ್ಯಕ್ಷರೆಂಬ ಕಾರಣಕ್ಕೆ ಇವನು ಅವನನ್ನು ಸುಕೇಶಣ್ಣ ಎನ್ನುತ್ತಿದ್ದ, ವಯಸ್ಸಿನ ಕಾರಣಕ್ಕೆ ಅವನು ಇವನನ್ನು ಸಂಕಪ್ಪಣ್ಣ ಎನ್ನುತ್ತಿದ್ದ. ಇಬ್ಬರು ಅಣ್ಣಂದಿರು ಸೇರಿದ ಕಡೆ ಯಾವ ಮಾತೂ ಮುಂದೆ ಹೋಗುತ್ತಿರಲಿಲ್ಲ.

ಸುಕೇಶನಿಗೆ ತನ್ನ ಮನೆಯ ಶಿಸ್ತಿನ ಬಗ್ಗೆ ಭಾಷಣ ಮಾಡುವ ಚಟವಿತ್ತು. ಆ ಬಡಾವಣೆಗೆ ಇನ್ನೂ ಒಳಚರಂಡಿ ಬಂದಿರಲಿಲ್ಲ. ಎಲ್ಲರ ಅಂಗಳದಲ್ಲೂ ಸೆಪ್ಟಿಕ್ ಟ್ಯಾಂಕ್. ತುಂಬಿದಾಗ ಹಳದಿ ಲಾರಿ ಬಂದು, ಪೈಪು ಇಳಿಸಿ, ಬೀದಿಗೆಲ್ಲ ವಾಸನೆ ಹಂಚಿ ಹೋಗುತ್ತಿತ್ತು. "ನಮ್ಮ ಮನೆಗೆ ಹಳದಿ ಲಾರಿ ಬಂದು ವರ್ಷಗಟ್ಲೆ ಆಯ್ತು," ಎಂದು ಸುಕೇಶ್ ಸಭೆಯಲ್ಲೇ ಹೇಳುತ್ತಿದ್ದ. "ನೀರು ಹೇಗೆ ಖರ್ಚು ಮಾಡ್ಬೇಕು ಅಂತ ಗೊತ್ತಿದ್ರೆ ಟ್ಯಾಂಕ್ ಎಂತಕ್ಕೆ ತುಂಬ್ತದೆ?" ಮೋಹಿನಿ ಇದಕ್ಕೆ ತನ್ನ ಪಾಲಿನ ರಹಸ್ಯ ಸೇರಿಸುತ್ತಿದ್ದಳು. ತಿಂಗಳಿಗೊಮ್ಮೆ ಒಂದು ಚೆಂಬು ಹುಳಿ ಮಜ್ಜಿಗೆ ಹೊಯ್ದರೆ ಸಾಕು, ಗುಂಡಿ ತನ್ನಷ್ಟಕ್ಕೆ ಜೀರ್ಣ ಮಾಡಿಕೊಳ್ಳುತ್ತದೆ. ಸೀಬ್ ಕಡೆಯ ಎಷ್ಟೋ ಗೃಹಿಣಿಯರು ಇದನ್ನು ಕೇಳಿ ಮೊಸರು ಹುಳಿ ಮಾಡಿ ಸುರಿದರು. ಅವರ ಮನೆಗೆ ಹಳದಿ ಲಾರಿ ಬರುವುದು ನಿಲ್ಲಲಿಲ್ಲ. ಮಜ್ಜಿಗೆ ಹುಳಿ ಸಾಕಾಗಲಿಲ್ಲವೇನೋ ಎಂದು ಅವರೇ ಪೇಚಾಡಿಕೊಂಡರು.

ಇಷ್ಟೆಲ್ಲ ವೈಭವದ ನಡುವೆ ವಾರಿಜಾಕ್ಷಿಯ ಮನೆಯ ಒಂದು ಗೋಡೆ ಕೊಳೆಯುತ್ತಿತ್ತು.

ಬಸಳೆಯ ಪಟ್ಟಿಗೆ ತಾಗಿದ್ದದ್ದು ಮಗಳು ತೃಪ್ತಿಯ ಕೋಣೆ. ಮೊದಲು ಬಣ್ಣ ಗುಳ್ಳೆಯೆದ್ದಿತು. ಆಮೇಲೆ ಸಿಮೆಂಟಿನಿಂದ ಬಿಳಿ ಉಪ್ಪಿನ ಪುಡಿ ಉದುರಿತು. ಆಮೇಲೆ ಕಪಾಟಿನ ಹಿಂಬದಿ ಬೂಷ್ಟು ಹಿಡಿದು, ಹುಡುಗಿಯ ಶಾಲೆಯ ಸಮವಸ್ತ್ರಕ್ಕೂ ಕಪ್ಪು ಚುಕ್ಕೆ ಬಿತ್ತು. "ಅಮ್ಮಾ, ಇಟ್ ಸ್ಮೆಲ್ಸ್ ವಿಯರ್ಡ್ ಇನ್ ಹಿಯರ್," ಎಂದು ತೃಪ್ತಿ ಪುಸ್ತಕ ಎತ್ತಿಕೊಂಡು ಹಾಲಿಗೆ ಬಂದಳು. ಓದು ತಪ್ಪಿಸಿಕೊಳ್ಳಲು ನೆಪ ಎಂದು ತಾಯಿ ಗದರಿದಳು. ಸಮುದ್ರದ ಗಾಳಿ ಎಂದು ತಂದೆ ತೀರ್ಪು ಕೊಟ್ಟ. ಸಮುದ್ರ ಅಲ್ಲಿಂದ ಎಷ್ಟೋ ದೂರವಿತ್ತು. ಆದರೆ ಸಮುದ್ರದ ಜೊತೆ ಜಗಳವಾಡಬೇಕಾಗಿಲ್ಲವಲ್ಲ, ಸಂಕಪ್ಪನಿಗೆ ಆ ಉತ್ತರ ಹಿಡಿಸಿತು.

ಮೇ ತಿಂಗಳಲ್ಲಿ ಮಾಲೀಕರು ಬಂದವರು ಗೋಡೆಯ ಮೇಲೆ ಕೈಯಿಟ್ಟರು. ಕೈಗೆ ಸಿಮೆಂಟು ಬಂತು. ಅವರು ಹೊರಗೆ ಹೋಗಿ ಬಸಳೆಯನ್ನು ನೋಡಿದರು, ಮಣ್ಣನ್ನು ನೋಡಿದರು, ವಾರಿಜಾಕ್ಷಿಯ ಕೈಯಲ್ಲಿದ್ದ ನೀರಿನ ಪೈಪನ್ನು ನೋಡಿದರು.

"ಪಾನಿ ವಾಜಿದ್," ಎಂದರು. ನೀರು ವಿಪರೀತವಾಯಿತು ಎಂದರ್ಥ. ಸಿಟ್ಟು ಮಾಡಲಿಲ್ಲ. ತನ್ನ ತಂದೆ ಕಟ್ಟಿಸಿದ ಮನೆ, ಬುನಾದಿ ಹಾಳಾಗಲು ಬಿಡುವುದಿಲ್ಲ ಎಂದು ಹಿಂದಿ ಅರೇಬಿಕ್ ಬೆರೆಸಿ ಮೆಲ್ಲಗೆ ಹೇಳಿದರು. ತಾನು ಖರ್ಜೂರದ ಕೊಯ್ಲಿಗೆ ರುಸ್ತಾಕ್‌ನ ತನ್ನ ಊರಿಗೆ ಹೋಗುತ್ತೇನೆ, ಹಿಂದಿರುಗಿ ಬಂದು ನೋಡುತ್ತೇನೆ. ಆಗಲೂ ಗೋಡೆ ಒದ್ದೆಯಿದ್ದರೆ ನೀವು ಬೇರೆ ಮನೆ ನೋಡಿಕೊಳ್ಳಿ, ಖಲಾಸ್. ಇಷ್ಟು ಹೇಳಿ, ತಾಯಿಗೆಂದು ಒಂದು ಚೀಲ ಬಸಳೆ ತೆಗೆದುಕೊಂಡು ಹೋದರು.

ವಾರಿಜಾಕ್ಷಿ ಅಡುಗೆಮನೆಯಲ್ಲಿ ಕುಳಿತು ಅತ್ತಳು. ಮಸ್ಕತ್ತಿಗೆ ಬಂದ ಮೇಲೆ ಈ ಮನೆ ಸಿಗುವವರೆಗೆ ಅವಳು ಬದುಕಿದ್ದೆಲ್ಲ ಹಂಚಿಕೊಂಡ ಫ್ಲಾಟುಗಳಲ್ಲಿ. ಇನ್ನೊಬ್ಬರ ಕುಕ್ಕರ್ ಇಳಿಯುವವರೆಗೆ ತನ್ನ ಅನ್ನ ಕಾಯಬೇಕು, ಇನ್ನೊಬ್ಬರ ಸ್ನಾನ ಮುಗಿಯುವವರೆಗೆ ಟವೆಲ್ ಹಿಡಿದು ನಿಲ್ಲಬೇಕು. ಬಾಗಿಲು ತೆರೆದರೆ ಮಣ್ಣು ಸಿಗುವ ಮನೆ ಇದೊಂದೇ. ಇದನ್ನು ಬಿಟ್ಟರೆ ಮತ್ತೆ ನಾಲ್ಕನೇ ಮಹಡಿಯ ಫ್ಲಾಟೇ ಗತಿ ಎಂಬುದು ಅವಳಿಗೆ ಗೊತ್ತಿತ್ತು. ಅವಳಿಗೆ ಈ ಮನೆ ಬೇಕಿತ್ತು. ಬಸಳೆಯೂ ಬೇಕಿತ್ತು.

ಸಂಕಪ್ಪ ಎರಡನ್ನೂ ಉಳಿಸುವ ಉಪಾಯ ಕಂಡುಹಿಡಿದ. ಗೋಡೆಗೆ ವಾಟರ್‌ಪ್ರೂಫ್ ಬಣ್ಣ ಬಳಿದ. ಬಣ್ಣವೂ ಗುಳ್ಳೆಯೆದ್ದಿತು.

ಅಷ್ಟರಲ್ಲಿ ಶಾಲೆಗಳಿಗೆ ರಜೆ ಸಿಕ್ಕಿ, ಸುಕೇಶನ ಸಂಸಾರ ವಿಲ್ಲಾಕ್ಕೆ ಬೀಗ ಹಾಕಿ ಊರಿಗೆ ಹೋಯಿತು. ಮೋಹಿನಿ ಹೋಗುವಾಗಲೂ ಬಸಳೆ ಕೊಯ್ದುಕೊಂಡೇ ಹೋದಳು, ದಾರಿಗೆಂದು ಪಲ್ಯ ಮಾಡಿಕೊಳ್ಳಲು. ಟಿಕೆಟಿನ ಬೆಲೆ ನೋಡಿ ಹಿಂದೆ ಸರಿದಿದ್ದ ಸಂಕಪ್ಪನ ಸಂಸಾರ ಎ.ಸಿ.ಯ ಮುಂದೆ ಕುಳಿತು ಬೇಸಿಗೆ ಕಳೆಯಿತು.

ಆ ಬೇಸಿಗೆಯಲ್ಲಿ ಬಸಳೆಗೆ ಏನೋ ಆಯಿತು. ಎಲೆ ಸಣ್ಣದಾಯಿತು, ಹಳದಿಯಾಯಿತು, ಚಪ್ಪರದ ಮೇಲಿನ ದಂಟು ಒಣಗಿ ಕಡ್ಡಿಯಾಯಿತು. ವಾರಿಜಾಕ್ಷಿ ಮಾಲೀಕರ ಎಚ್ಚರಿಕೆಯನ್ನು ಮರೆತು ಬೆಳಿಗ್ಗೆ ಸಂಜೆ ಪೈಪು ಹಿಡಿದು ನೀರು ಸುರಿದಳು. ಅಕ್ಕಿ ತೊಳೆದ ನೀರು ಸುರಿದಳು, ಮೀನು ತೊಳೆದ ನೀರು ಸುರಿದಳು. ಬಳ್ಳಿ ಕೇಳಲಿಲ್ಲ. ಆಶ್ಚರ್ಯವೆಂದರೆ, ಅಷ್ಟು ನೀರು ಹೊಯ್ದರೂ ತೃಪ್ತಿಯ ಕೋಣೆಯ ಗೋಡೆ ಒಣಗುತ್ತ ಬಂತು. ಕೈಯಿಟ್ಟರೆ ಬೆಚ್ಚಗೆ, ಖಡಕ್ಕಾಗಿ ನಿಂತಿತ್ತು.

"ನನ್ನ ಪೈಂಟ್ ಕೆಲಸ ಮಾಡ್ಲಿಕ್ಕೆ ಶುರು ಮಾಡಿದೆ ನೋಡು," ಎಂದ ಸಂಕಪ್ಪ.

"ನಾನು ಮೊದಲಿಗಿಂತ ಜಾಸ್ತಿ ನೀರು ಹಾಕ್ತಾ ಇದ್ದೇನೆ. ಮತ್ತೆ ಗೋಡೆ ಹೇಗೆ ಒಣಗುದು?"

"ಒಳ್ಳೆ ಪೈಂಟ್, ಅದಕ್ಕೆ."

ಗೋಡೆ ಒಣಗಿದ್ದಕ್ಕೆ ಖುಷಿ, ಬಳ್ಳಿ ಒಣಗಿದ್ದಕ್ಕೆ ಸಂಕಟ, ಎರಡರ ನಡುವೆ ಅವಳಿಗೆ ಯಾವುದಕ್ಕೂ ಮನಸ್ಸು ನಿಲ್ಲಲಿಲ್ಲ.

ಆಗಸ್ಟಿನಲ್ಲಿ ಸುಕೇಶನ ಸಂಸಾರ ಬಂತು, ಜೊತೆಗೆ ದುಬೈಯಲ್ಲಿರುವ ಮೋಹಿನಿಯ ಅಕ್ಕ, ಭಾವ, ಅವರ ಮಕ್ಕಳು. ವಿಲ್ಲಾದ ಎಲ್ಲ ಬಾತ್‌ರೂಮುಗಳಲ್ಲಿ ದೀಪ ಹತ್ತಿತು. ವಾರ ಕಳೆಯುವಷ್ಟರಲ್ಲಿ ಸತ್ತೇಹೋಯಿತು ಎಂದುಕೊಂಡಿದ್ದ ಬಸಳೆ ಬುಡದಿಂದ ಕೆಂಪು ಚಿಗುರು ಬಿಟ್ಟಿತು. ಇನ್ನೊಂದು ವಾರಕ್ಕೆ ಎಲೆಗಳು ಅಂಗೈಯಗಲವಾದವು. ಮೋಹಿನಿ ಗೋಡೆಯ ಮೇಲಿಂದ ಇಣುಕಿ, "ವಾರಿಜಕ್ಕ, ಎಂಥಾ ಕೈ ನಿಮ್ಮದು! ಅಕ್ಕನಿಗೆ ಪುಂಡಿ ಮಾಡ್ಲಿಕ್ಕೆ ಸ್ವಲ್ಪ ಕೊಯ್ಲಾ?" ಎಂದಳು. ಆ ಹೊತ್ತಿಗೆ ಒಳಗೆ ತೃಪ್ತಿಯ ಕೋಣೆಯ ಗೋಡೆ ಸೊಂಟದೆತ್ತರ ಒದ್ದೆಯಾಗಿತ್ತು.

ವಾರಿಜಾಕ್ಷಿ ದಡ್ಡಳಲ್ಲ. ಹೊಗಳಿಕೆ ಕೇಳಿ ಕೇಳಿ ಬುದ್ಧಿಯನ್ನು ಸ್ವಲ್ಪ ಕಾಲ ಪಕ್ಕಕ್ಕಿಟ್ಟಿದ್ದಳು ಅಷ್ಟೆ. ಮರುದಿನ ಬೆಳಿಗ್ಗೆ ಬಸಳೆಯ ಬುಡಕ್ಕೆ ಹೋಗಿ ಕುಳಿತಳು. ಆಚೆ ವಿಲ್ಲಾದಲ್ಲಿ ವಾಷಿಂಗ್ ಮೆಷಿನ್ ಗಡಗಡ ತಿರುಗುವುದು ಕೇಳುತ್ತಿತ್ತು. ಮೆಷಿನ್ ನಿಂತಿತು. ಸ್ವಲ್ಪ ಹೊತ್ತಿಗೆ ಕಾಂಪೌಂಡು ಗೋಡೆಯ ಅಡಿಯಿಂದ, ಮಣ್ಣಿನ ಬಿರುಕಿನಿಂದ, ಬಿಳಿ ನೊರೆ ಮೆಲ್ಲನೆ ಮೇಲೆದ್ದಿತು. ಅವಳು ಬೆರಳಲ್ಲಿ ಮುಟ್ಟಿ ಮೂಗಿನ ಹತ್ತಿರ ಹಿಡಿದಳು. ಲ್ಯಾವೆಂಡರ್. ದುಬೈಯಿಂದ ಅಕ್ಕ ತಂದುಕೊಟ್ಟದ್ದೆಂದು ಮೋಹಿನಿ ಊರೆಲ್ಲ ಹೇಳಿಕೊಂಡು ತಿರುಗುವ ಬಟ್ಟೆ ಸೋಪಿನ ವಾಸನೆ. ಲ್ಯಾವೆಂಡರಿನ ಹಿಂದೆ ಇನ್ನೊಂದು ವಾಸನೆಯೂ ಇತ್ತು. ಅದಕ್ಕೆ ದುಬೈಯ ಹೆಸರು ಬೇಕಿರಲಿಲ್ಲ.

ಗೋಡೆಯ ಆಚೆ ಸರಿಯಾಗಿ ಆ ಜಾಗದಲ್ಲೇ ಸುಕೇಶನ ಮನೆಯ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಇರುವುದು ಅವಳಿಗೆ ನೆನಪಾಯಿತು. ಅದು ಎಂದೂ ತುಂಬದ ಟ್ಯಾಂಕ್. ಅದರ ಶಿಸ್ತೆಲ್ಲ ಬಿರುಕಿನಿಂದ ಇಳಿದು ಇಷ್ಟು ವರ್ಷ ಅವಳ ಚಪ್ಪರವೇರಿತ್ತು.

ಅವಳು ಒಳಗೆ ಹೋಗಿ ಕೈ ತೊಳೆದಳು. ಮತ್ತೆ ತೊಳೆದಳು. ಆಮೇಲೆ ಕುರ್ಚಿಯಲ್ಲಿ ಕುಳಿತು, ಯಾರ್ಯಾರು ತಿಂದಿದ್ದಾರೆ ಎಂದು ನೆನಪಿಸಿಕೊಂಡಳು. ಬಾಣಂತಿಯರು. ಅತ್ತೆಯಂದಿರು. ಕಳೆದ ವರ್ಷ ಬಳಗದ ಅತಿಥಿಯಾಗಿ ಬಂದಿದ್ದ ಯಕ್ಷಗಾನದ ಭಾಗವತರು, ಮೂರನೇ ಸಲ ಬಡಿಸಿಕೊಂಡಿದ್ದರು. ಮಾಲೀಕರ ತಾಯಿ. ತಾನೂ, ತನ್ನ ಮಗಳೂ. ಯಾರಿಗೂ ಏನೂ ಆಗಿರಲಿಲ್ಲ ಎಂಬುದು ಬೇರೆ ಮಾತು. ಏನೂ ಆಗಲಿಲ್ಲ ಎಂದು ಹೇಳಿದರೆ ಜನ ಸಮಾಧಾನಪಟ್ಟುಕೊಳ್ಳುವ ವಿಷಯವೇ ಇದು?

ಸಂಜೆ ಸಂಕಪ್ಪನಿಗೆ ಹೇಳಿದಳು. ಅವನ ಮುಖ ಗೋಡೆಯ ಬಣ್ಣಕ್ಕೆ ತಿರುಗಿತು.

"ಯಾರ ಹತ್ರವೂ ಹೇಳ್ಬೇಡ," ಎಂದ.

"ಹೇಳದಿದ್ರೆ ಮನೆ ಬಿಡ್ಬೇಕು. ಶುಕ್ರವಾರ ಮಾಲೀಕರು ಬರ್ತಾರೆ. ನನ್ನ ಗಿಡದ ನೀರು ಅಂತಲೇ ಹೇಳ್ತಾರೆ."

"ಹೇಳ್ಲಿ. ಗಿಡದ ನೀರು ಅಂತ ಒಪ್ಪಿಕೊಳ್ವ. ಮನೆ ಇನ್ನೊಂದು ಸಿಗ್ತದೆ ವಾರಿಜ. ಹೋದ ಮಾನ ಸಿಗ್ತದಾ? ನಾಳೆ ಆಫೀಸಲ್ಲಿ, ಬಳಗದಲ್ಲಿ, ಎಲ್ಲಿ ಹೋದ್ರೂ... ಅಲ್ಲ, ಜನ ನಿನಗೆ ಎಂತ ಹೆಸರಿಡ್ತಾರೆ ಗೊತ್ತುಂಟಾ?"

ಅವಳಿಗೆ ಗೊತ್ತಿತ್ತು. ಈಗಿರುವ ಹೆಸರಿನಲ್ಲಿ ಬಸಳೆಯ ಜಾಗಕ್ಕೆ ಯಾವ ಶಬ್ದ ಬಂದು ಕೂರುತ್ತದೆ ಎಂಬುದನ್ನು ಅವಳು ಆಗಲೇ ಕಿವಿಯಲ್ಲಿ ಕೇಳಿಸಿಕೊಂಡಿದ್ದಳು. ಅದು ಮಸ್ಕತ್ತಿನಲ್ಲಿ ನಿಲ್ಲುವುದೂ ಇಲ್ಲ, ಫೋನಿನಲ್ಲಿ ಊರಿಗೆ ಹೋಗುತ್ತದೆ, ಮದುವೆಮನೆಗಳಲ್ಲಿ ಅವಳಿಗಿಂತ ಮೊದಲು ಒಳಗೆ ಹೋಗಿ ಕೂರುತ್ತದೆ. ಬಾಯಿ ಮುಚ್ಚಿದರೆ ಮನೆ ಹೋಗುತ್ತದೆ, ಬಾಯಿ ಬಿಟ್ಟರೆ ಹೆಸರು ಹೋಗುತ್ತದೆ.

"ಸುಕೇಶಣ್ಣನಿಗೆ ಗುಟ್ಟಲ್ಲಿ ಹೇಳಿದ್ರೆ?" ಎಂದಳು.

"ಅಧ್ಯಕ್ಷರಿಗೆ ನಿಮ್ಮ ಕಕ್ಕಸು ಗುಂಡಿ ಒಡೆದಿದೆ ಅಂತ ನಾನು ಹೇಗೆ ಹೇಳುದು?" ಸಂಕಪ್ಪ ನಿಜವಾಗಿಯೂ ಗಾಬರಿಯಾಗಿದ್ದ. ಗೋಡೆ ಬಿದ್ದರೆ ಇಷ್ಟು ಗಾಬರಿಯಾಗುತ್ತಿರಲಿಲ್ಲ.

ಆದರೂ ಹೆಂಡತಿಯ ಕಾಟಕ್ಕೆ ಅವನು ಸುಕೇಶನಿಗೆ ಫೋನು ಮಾಡಿದ. ಮೊದಲು ಊರಿನ ಮಳೆ ವಿಚಾರಿಸಿದ, ವಿಮಾನ ಸಮಯಕ್ಕೆ ಬಂತೇ ಎಂದು ವಿಚಾರಿಸಿದ, ಬಳಗದ ಮುಂದಿನ ಕಾರ್ಯಕ್ರಮ ವಿಚಾರಿಸಿದ. ಕೊನೆಗೆ, ಗೋಡೆ ಸ್ವಲ್ಪ ಒದ್ದೆ, ಮಾಲೀಕರು ಮನೆ ಬಿಡಿ ಅನ್ನುತ್ತಿದ್ದಾರೆ ಎಂಬಲ್ಲಿಗೆ ಬಂದು ನಿಂತ. ಒದ್ದೆ ಎಲ್ಲಿಂದ ಎಂಬಲ್ಲಿಗೆ ಅವನ ಧೈರ್ಯ ತಲುಪಲಿಲ್ಲ. ಸುಕೇಶ್ ಕೂಡಲೇ ಅಧ್ಯಕ್ಷನಾದ. "ನೀವು ಎಂತ ತಲೆಬಿಸಿ ಮಾಡ್ಬೇಡಿ ಸಂಕಪ್ಪಣ್ಣ. ಶುಕ್ರವಾರ ನಾನೇ ಬಂದು ಮಾಲೀಕರ ಹತ್ರ ಮಾತಾಡ್ತೇನೆ. ನಮ್ಮವರಿಗೆ ಕಷ್ಟ ಅಂದ್ರೆ ನಾನು ಸುಮ್ನೆ ಕೂರ್ಲಿಕ್ಕುಂಟಾ?"

ಹೀಗೆ ಶುಕ್ರವಾರ ಬೆಳಿಗ್ಗೆ ಬಸಳೆ ಚಪ್ಪರದ ಕೆಳಗೆ ದೊಡ್ಡ ಸಭೆಯೇ ಸೇರಿತು. ಬಿಳಿ ನಿಲುವಂಗಿ ದಿಶ್ದಾಶ ತೊಟ್ಟ ಮಾಲೀಕರು, ಇಸ್ತ್ರಿ ಮಾಡಿದ ಶರ್ಟಿನಲ್ಲಿ ಸುಕೇಶ್, ತಲೆ ತಗ್ಗಿಸಿದ ಸಂಕಪ್ಪ. ಮೋಹಿನಿಯನ್ನು ಯಾರೂ ಕರೆದಿರಲಿಲ್ಲ, ಆದ್ದರಿಂದ ಎಲ್ಲರಿಗಿಂತ ಮೊದಲು ಬಂದಿದ್ದಳು. ಬರುವಾಗ ಬಟ್ಟೆ ಮೆಷಿನ್‌ಗೆ ಹಾಕಿ ಬಂದಿದ್ದಳು. ವಾರಿಜಾಕ್ಷಿ ಒಂದು ಮೂಲೆಯಲ್ಲಿ ನಿಂತು ಆ ಗಡಗಡ ಸದ್ದಿಗೆ ಕಿವಿ ಕೊಟ್ಟಿದ್ದಳು. ಅವಳು ಇನ್ನೂ ಏನೂ ತೀರ್ಮಾನಿಸಿರಲಿಲ್ಲ.

ಸುಕೇಶ್ ಮಾತು ಶುರು ಮಾಡಿದ. ಇವರು ತುಂಬ ಒಳ್ಳೆಯ ಜನ ಎಂದು ಹಿಂದಿಯಲ್ಲಿ ಮಾಲೀಕರಿಗೆ ಹೇಳಿದ. ಹಳ್ಳಿಯಿಂದ ಬಂದವರು, ಗಿಡ ಎಂದರೆ ಪ್ರಾಣ, ನೀರಿನ ಲೆಕ್ಕ ಗೊತ್ತಿಲ್ಲ. ಇನ್ನು ಮುಂದೆ ನೀರು ಕಡಿಮೆ ಹಾಕುವಂತೆ ತಾನು ಬುದ್ಧಿ ಹೇಳುತ್ತೇನೆ, ಒಂದು ಅವಕಾಶ ಕೊಡಿ. ನೀರಿನ ಶಿಸ್ತಿನ ಬಗ್ಗೆ ತನ್ನ ಮನೆಯನ್ನೇ ಉದಾಹರಣೆ ಕೊಟ್ಟ. ಸಂಕಪ್ಪ ಎಲ್ಲದಕ್ಕೂ ತಲೆಯಾಡಿಸಿದ.

ಮೋಹಿನಿ ನಿಟ್ಟುಸಿರು ಬಿಟ್ಟಳು. "ನಾನು ಎಷ್ಟು ಸಲ ಹೇಳಿದ್ದೇನೆ ವಾರಿಜಕ್ಕನಿಗೆ. ಬೆಳಿಗ್ಗೆ ನೋಡಿದ್ರೆ ಪೈಪು, ಸಂಜೆ ನೋಡಿದ್ರೆ ಪೈಪು. ಬೇರೆಯವರ ಮನೆ ಅಂತ ಸ್ವಲ್ಪ ಮುತುವರ್ಜಿ ಬೇಡ್ವಾ? ಪಾಪ, ಅವರ ಗೋಡೆ ಹಾಳು ಮಾಡಿ ಹಾಕಿದ್ರಲ್ಲ."

ಇದನ್ನು ಅವಳು ಬೇಕೆಂದು ಹೇಳಿದ್ದಲ್ಲ, ಬಾಯಿ ಇದೆ ಎಂದು ಹೇಳಿದ್ದು. ಆದರೆ ವಾರಿಜಾಕ್ಷಿಯೊಳಗೆ ಅಷ್ಟು ದಿನದಿಂದ ಆಚೀಚೆ ಓಲಾಡುತ್ತಿದ್ದ ತಕ್ಕಡಿ ಒಂದು ಕಡೆಗೆ ದಬಕ್ಕೆಂದು ಬಿದ್ದಿತು. ಹೆಸರು ಹಾಳಾಗಲಿ ಎಂದುಕೊಂಡಳು. ಮೈಯೆಲ್ಲ ಉರಿಯುತ್ತಿತ್ತು. ಆಚೆ ಮೆಷಿನ್ ನಿಂತಿತು.

"ಒಂದು ನಿಮಿಷ ನಿಲ್ಲಿ," ಎಂದು ಅವಳು ಕತ್ತಿ ತಂದು, ಬಸಳೆಯ ಬುಡದಲ್ಲಿ, ಕಾಂಪೌಂಡಿಗೆ ತಾಗಿ ಮಣ್ಣು ಕೆದಕಿದಳು. ಎಲ್ಲರೂ ಬಗ್ಗಿ ನೋಡಿದರು. ಕೆದಕಿದ ಕುಳಿಯಲ್ಲಿ ಮೊದಲು ಕಪ್ಪು ನೀರು ತುಂಬಿತು, ಆಮೇಲೆ ನೊರೆ ಬಂತು. ಲ್ಯಾವೆಂಡರ್ ಎದ್ದಿತು. ಲ್ಯಾವೆಂಡರ್ ಹೋದ ಮೇಲೆ ಇನ್ನೊಂದು ಬಂದು ನಿಂತಿತು. ಮಾಲೀಕರು ತಲೆಗೆ ಸುತ್ತಿದ್ದ ಮುಸುರಿನ ತುದಿಯನ್ನು ಮೂಗಿಗೆ ಒತ್ತಿಕೊಂಡರು.

"ಬಾಬಾ," ಎಂದಳು ವಾರಿಜಾಕ್ಷಿ ತನ್ನ ಹರಕು ಹಿಂದಿಯಲ್ಲಿ, ಗಟ್ಟಿಯಾಗಿ, "ಯೇ ಮೇರಾ ಪಾನಿ ನಹೀ. ಯೇ ಇನ್‌ಕಾ ಬಾತ್‌ರೂಮ್ ಕಾ ಪಾನಿ. ಇದರ್ ಸೇ ಆತಾ, ಗೋಡೆ ಮೇ ಜಾತಾ. ಔರ್ ಯೇ ಬಸಳೆ..." ಅವಳು ಒಂದು ಎಲೆ ಕಿತ್ತು ಎತ್ತಿ ಹಿಡಿದಳು. "ಯೇ ಬಸಳೆ ಭೀ ಯಹೀ ಪೀತಾ."

ಒಬ್ಬೊಬ್ಬರ ಮುಖದಲ್ಲೂ ಒಂದೊಂದು ಊಟ ನೆನಪಾಗುವುದು ಕಾಣುತ್ತಿತ್ತು. ಮಾಲೀಕರು ಚಪ್ಪರ ನೋಡಿದರು, ಕುಳಿ ನೋಡಿದರು, ಕಣ್ಣು ಮುಚ್ಚಿ ತಮ್ಮ ತಾಯಿಯನ್ನು ನೆನೆದು ಏನೋ ಪ್ರಾರ್ಥನೆ ಹೇಳಿಕೊಂಡರು. ಮೋಹಿನಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಅವಳಿಗೆ ನೆನಪಿಸಿಕೊಳ್ಳಲು ಎಲ್ಲರಿಗಿಂತ ಹೆಚ್ಚು ಇತ್ತು. ನಿನ್ನೆಯ ಪುಂಡಿ ಇನ್ನೂ ಫ್ರಿಜ್ಜಿನಲ್ಲಿತ್ತು.

ಮೊದಲು ಚೇತರಿಸಿಕೊಂಡವನು ಸುಕೇಶ್. ಸುಮ್ಮಸುಮ್ಮನೆ ಯಾರೂ ಅಧ್ಯಕ್ಷರಾಗುವುದಿಲ್ಲ. "ಇದು... ಇದು ಸಿಹಿನೀರಿನ ಪೈಪ್ ಲೀಕ್," ಎಂದ. "ನನಗೆ ನೋಡಿದ ಕೂಡ್ಲೇ ಗೊತ್ತಾಯ್ತು. ಮಣ್ಣಿನಡಿಯಲ್ಲಿ ಪೈಪ್ ಒಡೆದಿದೆ. ಬಾಬಾ, ಪೈಪ್. ಪೈಪ್ ಲೀಕ್."

"ಪೈಪ್," ಎಂದರು ಮಾಲೀಕರು ತಕ್ಷಣ. ಅಷ್ಟು ಬೇಗ ಅವರು ಯಾವ ಮಾತಿಗೂ ಒಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. "ಐವಾ, ಪೈಪ್. ಪೈಪ್ ಮುಷ್ಕಿಲ್."

"ಪೈಪೇ," ಎಂದ ಸಂಕಪ್ಪ. ಇಡೀ ಬೆಳಿಗ್ಗೆ ಅವನಾಡಿದ ಮೊದಲ ಮಾತು.

"ಪೈಪಿನಲ್ಲಿ ಲ್ಯಾವೆಂಡರ್ ಬರ್ತದಾ?" ಎಂದಳು ವಾರಿಜಾಕ್ಷಿ.

ಮೋಹಿನಿ ಹತ್ತಿರ ಬಂದು ಅವಳ ಕೈಹಿಡಿದಳು. ಮೊದಲ ಸಲ ಅವಳ ದನಿ ಸಣ್ಣದಾಗಿತ್ತು. "ವಾರಿಜಕ್ಕ, ನಿಮ್ಮ ಕಾಲಿಗೆ ಬೀಳ್ತೇನೆ. ಪೈಪ್ ಅಂತಲೇ ಹೇಳಿ. ಅಕ್ಕನವರಿಗೆ ಗೊತ್ತಾದ್ರೆ ನನಗೆ ಇನ್ನು ದುಬೈಗೆ ಹೋಗಿ ಮುಖ ತೋರಿಸ್ಲಿಕ್ಕೆ ಉಂಟಾ? ಬಳಗದವರಿಗೆ ಗೊತ್ತಾದ್ರೆ ಇವರ ಗತಿ ಎಂತ?"

ವಾರಿಜಾಕ್ಷಿ ನಾಲ್ಕು ಮುಖಗಳನ್ನೂ ನೋಡಿದಳು. ಹೆಸರು ಕಳೆದುಕೊಳ್ಳುವ ಭಯ ತನಗೊಬ್ಬಳಿಗೇ ಎಂದುಕೊಂಡು ಇಷ್ಟು ದಿನ ನಿದ್ದೆಗೆಟ್ಟದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ತಿಂದವರೆಲ್ಲರೂ ಅವಳಿಗಿಂತ ಹೆಚ್ಚು ಹೆದರಿದ್ದರು.

"ಆಯ್ತು, ಪೈಪಾದ್ರೆ ಪೈಪ್," ಎಂದಳು. "ಆದ್ರೆ ಆ ಪೈಪನ್ನು ಅಗೆದು ತಳದಿಂದ ಹೊಸತಾಗಿ ಕಟ್ಟಿಸ್ಬೇಕು. ಅದಕ್ಕೊಂದು ಗಟ್ಟಿ ಮುಚ್ಚಳವೂ ಬೇಕು. ನಮ್ಮ ಗೋಡೆ ಕೆತ್ತಿ, ಸಿಮೆಂಟು ಹಾಕಿ, ಬಣ್ಣ ಬಳಿದು ಕೊಡ್ಬೇಕು. ಇಡೀ ಗೋಡೆ. ಅಲ್ಲಿವರೆಗೆ ನನ್ನ ಬಾಯಿಗೆ ಗ್ಯಾರಂಟಿ ಇಲ್ಲ ಸುಕೇಶಣ್ಣ."

"ಯಲ್ಲಾ," ಎಂದರು ಮಾಲೀಕರು, ಬೇಗ ಹೊರಡುವ ಆತುರದಲ್ಲಿ. ಮನೆ ನಿಮ್ಮದೇ, ಇರಿ, ಎಂದು ಎದೆಗೆ ಕೈಯೊತ್ತಿ ಹೇಳಿದರು. ಸಂಕಪ್ಪ ಅಭ್ಯಾಸಬಲದಿಂದ ಬಸಳೆ ಚೀಲ ತರಲು ತಿರುಗಿದ. ಅವರು ಅವನ ತೋಳು ಹಿಡಿದು ನಿಲ್ಲಿಸಿದರು.

ವಿಲ್ಲಾದ ಮುಂದೆ ಹಳದಿ ಲಾರಿ ನಿಂತಾಗ ಬೀದಿಯವರು ಬಾಗಿಲಿಗೆ ಬಂದು ನೋಡಿದರು. ಸುಕೇಶ್ ಬಳಗದ ಗುಂಪಿಗೆ ಉದ್ದದ ಸಂದೇಶ ಹಾಕಿದ. ನೆರೆಮನೆಯ ಸದಸ್ಯರ ಗೋಡೆಗೆ ನೀರಿನ ಪೈಪಿನಿಂದ ಹಾನಿಯಾದಾಗ ಅಧ್ಯಕ್ಷನೆಂಬ ನೆಲೆಯಲ್ಲಿ ತಾನು ಸ್ವಂತ ಖರ್ಚಿನಿಂದ ನೆರವಾದದ್ದನ್ನು ಅದರಲ್ಲಿ ವಿವರಿಸಿದ್ದ. ಚಪ್ಪಾಳೆಗಳು ಸಾಲುಸಾಲಾಗಿ ಬಂದವು. ಸಂಕಪ್ಪನೂ ಒಂದು ಚಪ್ಪಾಳೆ ಹಾಕಿದ. ಹೆಂಡತಿ ಫೋನು ಕಿತ್ತುಕೊಂಡು ನೋಡಿ ವಾಪಸು ಕೊಟ್ಟಳು.

ಗೋಡೆ ಒಣಗಿತು. ತೃಪ್ತಿ ತನ್ನ ಕೋಣೆಗೆ ಮರಳಿದಳು. ಬಸಳೆಯನ್ನು ವಾರಿಜಾಕ್ಷಿ ತಾನೇ ಬುಡಸಮೇತ ಕಿತ್ತಳು. ಕೀಳುವಾಗ ಅಳು ಬಂತು, ಅದನ್ನು ಅವಳು ಅಡಗಿಸಲಿಲ್ಲ.  ಕೇಳಿದವರಿಗೆ ಹುಳ ಬಿತ್ತು ಎಂದಳು. ಮಬೇಲಾದಿಂದ ಅಲ್ ಹೈಲ್‌ವರೆಗೆ ಸೂತಕದ ಛಾಯೆ ಕವಿಯಿತು. ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಎಂದು ಹೆಂಗಸರು ಫೋನಿನಲ್ಲಿ ಮರುಗಿದರು.

ಅಕ್ಟೋಬರಿನಲ್ಲಿ ಬಳಗದ ಆಟಿ ಹಬ್ಬ ಬಂತು. ಊರಿನಲ್ಲಿ ಮಳೆಗಾಲದ ಆಟಿ ತಿಂಗಳು ಮುಗಿದು ಎಷ್ಟೋ ದಿನವಾಗಿರುತ್ತದೆ. ಆದರೆ ರಜೆಗೆ ಹೋದವರೆಲ್ಲ ಬಂದು, ಹಾಲ್ ಸಿಕ್ಕಿ, ಸೆಖೆ ಇಳಿದ ಮೇಲೆಯೇ ಒಮಾನಿನಲ್ಲಿ ಆಟಿ ಬರುವುದು. ಅಡುಗೆಯ ಉಸ್ತುವಾರಿ ಎಂದಿನಂತೆ ವಾರಿಜಾಕ್ಷಿಯದ್ದು. ಬಸಳೆಯನ್ನು ಈ ಸಲ ಸಿರಾಜುದ್ದೀನ್ ತನ್ನ ಅಂಗಡಿಯಿಂದ ಕಳಿಸಿದ, ವಿಮಾನದಲ್ಲಿ ಬಂದ ಸೊಪ್ಪು. ಅವಳು ಎಲೆಯೆಲೆಯನ್ನೂ ತಿರುಗಿಸಿ ನೋಡಿ, ನಾಲ್ಕು ನೀರಿನಲ್ಲಿ ತೊಳೆದು, ಸಿಗಡಿ ಹಾಕಿ, ತನಗೆ ಗೊತ್ತಿದ್ದಷ್ಟೂ ಚೆನ್ನಾಗಿ ಮಾಡಿದಳು. ಇಷ್ಟು ಶುದ್ಧವಾದ ಬಸಳೆಯನ್ನು ಆ ಬಳಗ ಎಂದೂ ತಿಂದಿರಲಿಲ್ಲ.

ಅವಳೇ ಬಕೆಟ್ ಹಿಡಿದು ಬಡಿಸಿದಳು. ಜನ ಉಂಡರು. ಯಾರೂ ಹೊಗಳಲಿಲ್ಲ. ಎರಡನೇ ಸುತ್ತಿಗೆ ಮೋಹಿನಿಯ ಎಲೆಯ ಮುಂದೆ ಬಂದಾಗ ಮೋಹಿನಿ ಎರಡು ತುತ್ತು ತಿಂದು, ಮೂರನೆಯದನ್ನು ಬಾಯಿಗಿಡದೆ ಬೆರಳಲ್ಲೇ ಆಡಿಸುತ್ತ ಕುಳಿತಿದ್ದಳು.

"ಎಂತ ಮೋಹಿನಿ, ಉಪ್ಪು ಕಡಿಮೆಯಾಯ್ತಾ?"

"ಉಪ್ಪೆಲ್ಲ ಸರಿ ಉಂಟು ವಾರಿಜಕ್ಕ." ಮೋಹಿನಿ ಅತ್ತಿತ್ತ ನೋಡಿದಳು. ಪಕ್ಕದವರು ಮಾತಿನಲ್ಲಿ ಮುಳುಗಿದ್ದರು. ದನಿ ತಗ್ಗಿಸಿ, ಬಹಳ ಬೇಸರದಿಂದ, ಪೂರ್ತಿ ಪ್ರಾಮಾಣಿಕವಾಗಿ ಹೇಳಿದಳು: "ಹೇಳ್ಬಾರ್ದು. ಆದ್ರೆ ನಿಮ್ಮ ಬಸಳೆಯ ಆ ರುಚಿ ಇದಕ್ಕೆ ಬರ್ಲಿಲ್ಲ."

ಇಬ್ಬರೂ ಒಂದು ಗಳಿಗೆ ಒಬ್ಬರನ್ನೊಬ್ಬರು ನೋಡಿದರು. ವಾರಿಜಾಕ್ಷಿಗೆ ಹೇಸಿಗೆಯಾಗಬೇಕಿತ್ತು. ನಗು ಬಂದಿದ್ದರೂ ತಪ್ಪಿರಲಿಲ್ಲ. ಆದರೆ ಅವಳಿಗೆ ಆದದ್ದು ಹೆಮ್ಮೆ. ಬೇಡ ಬೇಡವೆಂದರೂ ಅದು ಎದೆಯಲ್ಲಿ ಉಬ್ಬಿಕೊಂಡು ಬಂತು. ಬಕೆಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಮೋಹಿನಿಯ ಎಲೆಗೆ ಒಂದು ಸೌಟು ಹೆಚ್ಚೇ ಬಡಿಸಿ ಅವಳು ಮುಂದಿನ ಎಲೆಗೆ ಹೋದಳು.